ನಾಳೆಯ ಕೂಲಿ ಯಾರು ಕೊಡ್ತಾರೆ?



ಬೇಲೂರು ತಾಲ್ಲೂಕಿನಲ್ಲಿ ಬಹಳ ವರ್ಷ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು ನಾನು. ಕಾಗದದಲ್ಲಿ ಹುದ್ದೆಯ ಹೆಸರು ಎರಡು ಮೂರು ಸಲ ಬದಲಾಯಿತು, ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ನರ್ಸಮ್ಮ. ಸೇವೆಯ ಕೊನೆಯ ವರ್ಷಗಳನ್ನು ಕಳೆದದ್ದು ಬಿಕ್ಕೋಡು ಹೋಬಳಿಯ ಕಾಫಿ ತೋಟಗಳ ನಡುವೆ.

ಅಲ್ಲಿ ನಾನು ಕಂಡ ಒಂದು ವಿಚಿತ್ರದಿಂದಲೇ ಮಾತು ಶುರು ಮಾಡುತ್ತೇನೆ. ಗಿಡದ ಚಿಗುರು ಸವರುವ ಕಸಿ ಕತ್ತಿ ತಾಗಿ ಕೈ ಕೊಯ್ದುಕೊಂಡ ಹೆಂಗಸರು ಸೂಜಿಗೆ ಹೆದರುತ್ತಿರಲಿಲ್ಲ. ಸೆರಗಿನ ಚೂರು ಸುತ್ತಿಕೊಂಡು, ಸಿಕ್ಕಿದ ಪಿಕಪ್ಪು ಹತ್ತಿ ಬಂದು, ‘ನರ್ಸಮ್ಮ, ಬೇಗ ಒಂದು ಟಿಟಿ ಹಾಕ್ಬಿಡಿ’ ಅಂತ ತಾವೇ ತೋಳು ಚಾಚುತ್ತಿದ್ದರು. ಧನುರ್ವಾಯು ತಡೆಯುವ ಆ ಸೂಜಿಗೆ ಯಾರಿಗೂ ಭಾಷಣ ಬೇಕಿರಲಿಲ್ಲ. ಅದೇ ಹೆಂಗಸರು 2021ರಲ್ಲಿ ಕೊರೊನಾ ಲಸಿಕೆ ಹಿಡಿದು ಹೋದ ನಮ್ಮನ್ನು ಕಂಡರೆ ಕಾಫಿ ಗಿಡದ ಸಾಲಿನೊಳಕ್ಕೆ ಸರಿದುಬಿಡುತ್ತಿದ್ದರು. ನಮ್ಮ ಸಭೆಗಳಲ್ಲಿ ಇದಕ್ಕೆ ಒಂದೇ ಕಾರಣ ಕೊಡುತ್ತಿದ್ದರು: ಅಜ್ಞಾನ, ಮೂಢನಂಬಿಕೆ. ನಾನೂ ತಲೆ ಆಡಿಸಿದ್ದೇನೆ. ಆಮೇಲೆ ಒಂದು ದಿನ ಕಣದ ಪಕ್ಕ ಕೂತು, ಯಾಕವ್ವ ಬೇಡ ಅಂತೀಯ ಎಂದು ಒಬ್ಬಳನ್ನು ಕೇಳಿದೆ. ಅವಳು ಹೇಳಿದ್ದಿಷ್ಟು: ‘ಇವತ್ತು ಚುಚ್ಚಿಸ್ಕೊಂಡು ನಾಳೆ ಜ್ವರ ಬಂದ್ರೆ ನಾಳೆಯ ಕೂಲಿ ಯಾರು ಕೊಡ್ತಾರೆ ನರ್ಸಮ್ಮ? ನೀವು ಕೊಡ್ತೀರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಮೂಢನಂಬಿಕೆ ಅಲ್ಲ, ಲೆಕ್ಕ. ಹಣ್ಣು ಕುಯ್ಯುವ ಕಾಲದಲ್ಲಿ ಕೂಲಿ ಕಿಲೋ ಲೆಕ್ಕದ್ದು. ಅರೇಬಿಕ ನವೆಂಬರಿಂದ, ರೋಬಸ್ಟ ಜನವರಿಯಿಂದ. ವರ್ಷದಲ್ಲಿ ನಾಲ್ಕು ಕಾಸು ಕೂಡಿಸುವುದೇ ಆ ಮೂರು ನಾಲ್ಕು ತಿಂಗಳಲ್ಲಿ. ನಮ್ಮ ಇಲಾಖೆಯ ಶಿಬಿರಗಳು ಬರುತ್ತಿದ್ದುದೂ ಬಹುಪಾಲು ಅದೇ ತಿಂಗಳುಗಳಲ್ಲಿ. ನಮಗೆ ಅದು ಆರ್ಥಿಕ ವರ್ಷದ ಕೊನೆ, ಅವರಿಗೆ ಸುಗ್ಗಿ.

ಬಿಕ್ಕೋಡನ್ನು ನೋಡದವರಿಗೆ ಒಂದು ಮಾತು. ಬೇಲೂರು ದಾಟಿ ಸಕಲೇಶಪುರದ ಕಡೆ ಹೊರಟರೆ ಬಯಲು ಮುಗಿದು ಮಲೆನಾಡು ಶುರುವಾಗುವ ಸೀಮೆ ಇದು. ತೋಟದಲ್ಲಿ ದುಡಿಯುವವರಲ್ಲಿ ಲೈನ್‌ಮನೆಯ ಹಳೇ ಕುಟುಂಬಗಳಿವೆ, ಅಸ್ಸಾಮಿನಿಂದ ಬಂದವರಿದ್ದಾರೆ, ಹಳೇಬೀಡು, ಜಾವಗಲ್ ಕಡೆಯ ಬಯಲಿನಿಂದ ನಸುಕಿಗೇ ಪಿಕಪ್ಪಿನಲ್ಲಿ ನಿಂತುಕೊಂಡು ಬರುವ ಹೆಂಗಸರೂ ಇದ್ದಾರೆ. ಮರ ಹತ್ತಿ ಕೊಂಬೆ ಸವರುವ ಮರಗಸಿ ಗಂಡಸರ ಕೆಲಸ. ಹಣ್ಣು ಬಿಡಿಸುವುದು, ಚಿಗುರು ತೆಗೆಯುವುದು, ಕಣದಲ್ಲಿ ಹರವಿ ಎಳೆಯುವುದು ಹೆಂಗಸರದು. ಸಂಜೆ ತಾವು ಬಿಡಿಸಿದ ಹಣ್ಣಿನ ಮೂಟೆಯನ್ನು ತಲೆ ಮೇಲೆ ಹೊತ್ತು, ಇಳಿಜಾರಿನಲ್ಲಿ ತೂಕದ ಜಾಗಕ್ಕೆ ತರುವುದೂ ಅವರೇ. ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಕೆಂಜಿಗ.

ಇನ್ನು ಹೇಳಲು ಮುಜುಗರಪಡುವ ವಿಷಯ. ರೇಡಿಯೋದಲ್ಲಿ ಮುಖ ಕಾಣುವುದಿಲ್ಲವಲ್ಲ, ಹೇಳಿಬಿಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಸಾಲಿಗೆ ಇಳಿದ ಹೆಂಗಸು ಸಂಜೆ ತನಕ ಒಂದಕ್ಕೆ ಹೋಗುವುದು ಎಲ್ಲಿ? ಗಿಡದ ಮರೆಯಲ್ಲಿ. ಹತ್ತಿರದಲ್ಲೇ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಮರದ ಮೇಲೆ ಮೆಣಸು ಕೊಯ್ಯುವ ಹುಡುಗರು. ದೂರ ಹೋಗೋಣವೆಂದರೆ ಆನೆ. ಬಿಕ್ಕೋಡು ಸುತ್ತಿನಲ್ಲಿ ಕಾಡಾನೆ ಹಿಂಡು ತೋಟದೊಳಗೇ ನೆಲೆ ನಿಲ್ಲುವುದು ನಿಮಗೆಲ್ಲ ಗೊತ್ತು. ಕೆಲಸಕ್ಕೆ ಹೋದವರು ಆನೆಗೆ ಬಲಿಯಾದ ಸುದ್ದಿ ವರ್ಷ ವರ್ಷ ಕೇಳುತ್ತೇವೆ. ಹೀಗಾಗಿ ಹೆಂಗಸರು ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ. ನೀರು ಕುಡಿಯುವುದಿಲ್ಲ. ಮಧ್ಯಾಹ್ನದ ಮುದ್ದೆಯ ಜೊತೆಗೆ ಎರಡು ಗುಟುಕು, ಅಷ್ಟೇ. ನನ್ನ ಹೊರರೋಗಿ ಪುಸ್ತಕದಲ್ಲಿ ಉರಿಮೂತ್ರ ಎಂಬ ಪದ ಎಷ್ಟು ಸಲ ಬರೆದಿದ್ದೇನೋ! ಮಾತ್ರೆ ಕೊಟ್ಟೆ, ‘ಚೆನ್ನಾಗಿ ನೀರು ಕುಡೀಬೇಕಮ್ಮ’ ಅಂದೆ. ಅವರು ಹೂಂ ಅಂದು ನಕ್ಕರು. ಆ ನಗೆಯ ಅರ್ಥ ನನಗೆ ತಡವಾಗಿ ಆಯಿತು.

ಮುಟ್ಟಿನ ದಿನಗಳಲ್ಲಿ ಇದೇ ಕಷ್ಟ ಎರಡು ಪಟ್ಟು. ಬಟ್ಟೆ ಬದಲಿಸಲು ಜಾಗವಿಲ್ಲ, ತೊಳೆಯಲು ನೀರಿಲ್ಲ. ಬಿಳಿಸೆರಗು, ಕಿಬ್ಬೊಟ್ಟೆ ನೋವು, ಸೊಂಟ ನೋವು ಇವೆಲ್ಲ ‘ಹೆಣ್ಣು ಜನ್ಮದ ಪಾಡು’ ಎಂಬ ಖಾತೆಗೆ ಜಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ತೋಟದ ಲೈನಿನಲ್ಲಿ ನಾನು ಕಣ್ರೆಪ್ಪೆ ಎಳೆದು ನೋಡಿದಾಗ ಕೆಂಪಗಿದ್ದ ಕಣ್ಣು ಕಂಡದ್ದೇ ಅಪರೂಪ.

ಇಷ್ಟೂ ದಿನ ತೋಟದ ಹೆಂಗಸಿನ ಬಾಯಾರಿಕೆಯನ್ನು ಕೇಳದ ನಾವು, ಒಂದು ದಿನ ಇದ್ದಕ್ಕಿದ್ದಂತೆ ಜೀಪಿನಲ್ಲಿ ಬಂದು, ‘ನಿನ್ನ ಒಳ್ಳೆಯದಕ್ಕೇ ಕಣಮ್ಮ, ತೋಳು ಕೊಡು’ ಎಂದರೆ ಅವಳಿಗೆ ಅನುಮಾನ ಬಾರದೆ ಇದ್ದೀತೆ?

ಓದಿದವರಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿದ್ದಾರೆ. ಅವರಿಗಾಗಿ ಜಪಾನಿನ ಕಥೆ ಹೇಳುತ್ತೇನೆ. ನನ್ನ ತಂಗಿಯ ಮಗಳು ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಓದಲು ಹೋಗಿದ್ದಳು. 2024ರಲ್ಲಿ ಒಮ್ಮೆ ಫೋನು ಮಾಡಿ, ‘ದೊಡ್ಡಮ್ಮಾ, ನಮ್ಮ ಲ್ಯಾಬಿನಲ್ಲಿ ಹುಡುಗಿಯರೆಲ್ಲ ಒಂದು ಲಸಿಕೆ ಹಾಕಿಸಿಕೊಳ್ಳಬೇಕೋ ಬೇಡವೋ ಅಂತ ಊಟದ ಹೊತ್ತಲ್ಲೆಲ್ಲ ಚರ್ಚೆ ಮಾಡ್ತಾರೆ. ಪಕ್ಕದ ಟೇಬಲ್ಲಿನವಳಿಗೆ ಭಯ, ಅವಳ ಅಮ್ಮನಿಗೆ ಇನ್ನೂ ಭಯ. ನೀವು ಏನಂತೀರ?’ ಎಂದು ಕೇಳಿದಳು. ಅದು ಎಚ್‌ಪಿವಿ ಲಸಿಕೆ. ಗರ್ಭಕೊರಳಿನ ಕ್ಯಾನ್ಸರ್ ಬಾರದಂತೆ ತಡೆಯುವುದು. ಪಕ್ಕದ ಟೇಬಲ್ಲಿನ ಆ ಹುಡುಗಿ ಹುಟ್ಟಿದ್ದು 2001ರಲ್ಲಿ. ಅವಳು ಹನ್ನೆರಡರ ಪೋರಿಯಾಗಿದ್ದಾಗಲೇ ಪುಕ್ಕಟೆ ಹಾಕಿಸಿಕೊಳ್ಳಬಹುದಿತ್ತು. ಯಾಕೆ ಹಾಕಿಸಲಿಲ್ಲ?

2013ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ಈ ಲಸಿಕೆಯನ್ನು ಹೆಣ್ಣುಮಕ್ಕಳ ವಾಡಿಕೆಯ ಲಸಿಕೆಗಳ ಪಟ್ಟಿಗೆ ಸೇರಿಸಿತು. ಲಸಿಕೆ ಹಾಕಿಸಿಕೊಂಡ ಕೆಲವು ಹುಡುಗಿಯರಿಗೆ ಮೈಕೈ ನೋವು, ನಡುಕ, ನಡೆಯಲಾಗದ ಸ್ಥಿತಿ ಬಂತೆಂದು ಟಿವಿಯಲ್ಲಿ ತೋರಿಸತೊಡಗಿದರು. ಆ ಮಕ್ಕಳ ನೋವು ನಾಟಕವಲ್ಲ, ನಿಜವೇ. ಅದಕ್ಕೆ ಕಾರಣ ಲಸಿಕೆಯೇ ಎಂಬುದು ಮಾತ್ರ ಯಾರೂ ಪರೀಕ್ಷಿಸದ ಮಾತಾಗಿತ್ತು. ಎರಡೂವರೆ ತಿಂಗಳಲ್ಲಿ, ಜೂನ್ 14ಕ್ಕೆ, ಸರ್ಕಾರ ತನ್ನ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಂಡಿತು. ಗಮನಿಸಿ, ಲಸಿಕೆಯನ್ನು ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ಅದು ಇದ್ದೇ ಇತ್ತು, ಪುಕ್ಕಟೆಯೂ ಇತ್ತು. ನಿಂತದ್ದು ಮನೆಗೆ ಬರುತ್ತಿದ್ದ ಕಾಗದ. ಅಷ್ಟಕ್ಕೇ, ನೂರಕ್ಕೆ 70ರಷ್ಟು ಹುಡುಗಿಯರು ಹಾಕಿಸಿಕೊಳ್ಳುತ್ತಿದ್ದ ಲಸಿಕೆ ನೂರಕ್ಕೆ ಒಂದಕ್ಕಿಂತ ಕೆಳಗೆ ಬಿತ್ತು. ಎಲ್ಲರೂ ಓದಿದವರೇ ಇರುವ ದೇಶ ಅದು!

ನಗೋಯ ನಗರದಲ್ಲಿ, ಲಸಿಕೆಯಿಂದ ತೊಂದರೆಯಾಯಿತೆಂದವರ ಒತ್ತಾಯದ ಮೇಲೆಯೇ, 2015ರಲ್ಲಿ ಸುಮಾರು 30,000 ಯುವತಿಯರಿಂದ ಉತ್ತರ ಪಡೆದು ಸಮೀಕ್ಷೆ ಮಾಡಿದರು. ದೂರಿನಲ್ಲಿದ್ದ 24 ಬಗೆಯ ಲಕ್ಷಣಗಳನ್ನು ಹಾಕಿಸಿಕೊಂಡವರಲ್ಲೂ ಹಾಕಿಸಿಕೊಳ್ಳದವರಲ್ಲೂ ಹೋಲಿಸಿದರು. ಲಸಿಕೆಗೂ ಅವಕ್ಕೂ ನಂಟು ಕಾಣಲಿಲ್ಲ. ಆದರೆ ಕಳೆದ ನಂಬಿಕೆ ಅಂಕಿಸಂಖ್ಯೆ ನೋಡಿ ತಿರುಗಿ ಬರುತ್ತದೆಯೇ? ಸರ್ಕಾರ ಮತ್ತೆ ‘ಹಾಕಿಸಿಕೊಳ್ಳಿ’ ಎಂದು ಬಾಯಿಬಿಟ್ಟು ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಒಂಬತ್ತು ವರ್ಷ. ಈ ನಡುವೆ ತಪ್ಪಿಹೋದವರಿಂದಾಗಿ, ಮುಂದೆ ಅವರ ಜೀವಮಾನದಲ್ಲಿ 5,000ಕ್ಕೂ ಹೆಚ್ಚು ಸಾವು ಸಂಭವಿಸಬಹುದೆಂದು 2020ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯೊಂದರಲ್ಲಿ ಲೆಕ್ಕ ಬಂತು. ತಪ್ಪಿದವರಿಗೆಲ್ಲ ಇನ್ನೊಂದು ಅವಕಾಶವೆಂದು 2025ರ ಮಾರ್ಚ್‌ವರೆಗೆ ಗಡುವು ಕೊಟ್ಟರು. ನನ್ನ ತಂಗಿ ಮಗಳ ಗೆಳತಿಯರು ಚರ್ಚಿಸುತ್ತಿದ್ದುದು ಆ ಗಡುವಿನ ಮಾತು.

ಜಪಾನಿನ ಆ ಹುಡುಗಿಗೂ ಬಿಕ್ಕೋಡಿನ ಕಣದ ಹೆಂಗಸಿಗೂ ಓದಿನಲ್ಲಿ ಅಜಗಜಾಂತರ. ಇಬ್ಬರದೂ ಪ್ರಶ್ನೆ ಮಾತ್ರ ಒಂದೇ: ನನಗೇನಾದರೂ ಆದರೆ ನನ್ನ ಜೊತೆ ಯಾರು ನಿಲ್ಲುತ್ತಾರೆ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ನಮ್ಮ ದೇಶಕ್ಕಂತೂ ಇಲ್ಲ. ಇದೇ ಎಚ್‌ಪಿವಿ ಲಸಿಕೆಯನ್ನು 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಸಾವಿರಾರು ಹೆಣ್ಣುಮಕ್ಕಳಿಗೆ ಹಾಕಿದರು. ಏಳು ಮಕ್ಕಳು ತೀರಿಕೊಂಡ ಸುದ್ದಿಯ ಮೇಲೆ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಆದರೆ ಇನ್ನೊಂದು ಸಂಗತಿಯೂ ಹೊರಬಂತು. ಹಾಸ್ಟೆಲಿನಲ್ಲಿದ್ದ ಬುಡಕಟ್ಟು ಮಕ್ಕಳ ಪರವಾಗಿ ಅಪ್ಪ ಅಮ್ಮನ ಬದಲು ವಾರ್ಡನ್ನುಗಳು ಒಪ್ಪಿಗೆಗೆ ಸಹಿ ಹಾಕಿದ್ದರು. ಲಸಿಕೆ ಒಳ್ಳೆಯದೇ ಇರಬಹುದು, ಕೇಳದೆ ಕೊಟ್ಟದ್ದು ಒಳ್ಳೆಯದಲ್ಲ. ಸಂಸತ್ತಿನ ಸಮಿತಿ 2013ರಲ್ಲಿ ಅದನ್ನು ಖಾರವಾಗಿಯೇ ಹೇಳಿತು.

ನಮ್ಮ ಮಲೆನಾಡಿನದೇ ಇನ್ನೊಂದು ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದರಿಂದ ಜಗತ್ತಿಗೆಲ್ಲ ಅದು ಕ್ಯಾಸನೂರು ಕಾಡಿನ ಕಾಯಿಲೆ. ಸೊಪ್ಪು ಸದೆ, ದರಗು ತರಲು ಕಾಡಿಗೆ ಹೋಗುವವರಿಗೆ ಉಣುಗು ಕಚ್ಚಿ ಬರುವಂಥದ್ದು. ಅದಕ್ಕೆ ಲಸಿಕೆ ಇತ್ತು. ಚುಚ್ಚಿದ ಜಾಗ ಎರಡು ದಿನ ಉರಿಯುತ್ತದೆ, ಮೇಲಿಂದ ಮೇಲೆ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡವರಿಗೂ ಕಾಯಿಲೆ ಬಂತಲ್ಲ ಎಂದು ಜನ ಗೊಣಗುತ್ತಿದ್ದರು. ನಾವು ಅದನ್ನೂ ಅಜ್ಞಾನದ ಲೆಕ್ಕಕ್ಕೇ ಬರೆದುಕೊಂಡೆವು. ಕೊನೆಗೆ 2022ರಲ್ಲಿ ಆ ಲಸಿಕೆಗೆ ಸಾಕಷ್ಟು ಶಕ್ತಿಯಿಲ್ಲವೆಂದು ಸರ್ಕಾರವೇ ನಿಲ್ಲಿಸಿತು. ಗೊಣಗಿದವರ ಹತ್ತಿರ ಹೋಗಿ, ನೀವು ಹೇಳಿದ್ದರಲ್ಲಿ ಹುರುಳಿತ್ತು ಎಂದು ಒಪ್ಪಿಕೊಂಡವರು ಯಾರಾದರೂ ಇದ್ದಾರೆಯೇ? ಒಪ್ಪಿಕೊಂಡಿದ್ದರೆ ಮುಂದಿನ ಲಸಿಕೆಗೆ ಅವರೇ ಮುಂದೆ ನಿಲ್ಲುತ್ತಿದ್ದರು ಎಂಬುದು ನನ್ನ ಅನುಭವ.

ಜನರನ್ನು ಒಪ್ಪಿಸುವುದು ಹೇಗೆಂಬುದಕ್ಕೆ ನಮ್ಮ ನಾಡಿನದೇ ಒಂದು ಹಳೆಯ ಚಿತ್ರವಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಕಲಾವಿದ ಮೈಸೂರು ಅರಮನೆಯ ಮೂವರು ಹೆಂಗಸರನ್ನು ಬರೆದ. ಅವರಲ್ಲೊಬ್ಬಾಕೆ ಸೀರೆ ಸರಿಸಿ ತೋಳು ತೋರುವಂತೆ ನಿಂತಿದ್ದಾಳೆ. ಸಿಡುಬಿಗೆ ಆಗಷ್ಟೇ ಬಂದಿದ್ದ ದಾಕು ಹಾಕಿಸಿಕೊಂಡ ಜಾಗವನ್ನೇ ಆಕೆ ತೋರುತ್ತಿದ್ದಾಳೆ, ಪ್ರಜೆಗಳಿಗೆ ಧೈರ್ಯ ಬರಲೆಂದೇ ಆ ಚಿತ್ರ ಬರೆಸಿದರು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ನಮ್ಮ ಬಿಕ್ಕೋಡಿನ ಕಣದಲ್ಲಿ ರಾಣಿಯರು ಎಲ್ಲಿಂದ ಬರಬೇಕು? ಕೊರೊನಾ ಲಸಿಕೆಗೆ ಮೇಸ್ತ್ರಿಯ ಹೆಂಡತಿ ಮುಂದೆ ಬಂದು ತೋಳು ಕೊಟ್ಟಳು. ಮಾರನೆಯ ದಿನ ಅವಳಿಗೆ ಜ್ವರ ಬಂತು, ಅದರ ಮಾರನೆಯ ದಿನ ಕೆಲಸಕ್ಕೆ ಬಂದಳು. ತೋಟದವರು ಆ ಒಂದು ದಿನದ ಕೂಲಿ ಹಿಡಿಯಲಿಲ್ಲ. ಆ ವಾರ ಸಾಲಿಗೆ ಸಾಲೇ ಬಂತು. ನನ್ನ ಭಾಷಣದಿಂದ ಬಂದವರು ಅಲ್ಲವೇ ಅಲ್ಲ.

ಜಪಾನಿನಿಂದಲೇ ಇನ್ನೊಂದು ಪಾಠ. ಅಲ್ಲಿ 2012–13ರಲ್ಲಿ ರುಬೆಲ್ಲ ಹಬ್ಬಿತು. ದೊಡ್ಡವರಿಗೆ ಅದು ಎರಡು ಮೂರು ದಿನದ ದದ್ದು. ಬಸುರಿಗೆ ತಗುಲಿದರೆ ಹೊಟ್ಟೆಯ ಕೂಸಿಗೆ ಕಣ್ಣು, ಕಿವಿ, ಹೃದಯದ ತೊಂದರೆ. ಹಾಗೆ 45 ಕೂಸುಗಳು ಹುಟ್ಟಿದವು. ಹಿಂದೆ ಹುಡುಗಿಯರಿಗೆ ಮಾತ್ರ ಲಸಿಕೆ ಹಾಕಿ ಹುಡುಗರನ್ನು ಬಿಟ್ಟಿದ್ದರು. ಆ ಹುಡುಗರು ಬೆಳೆದು ಕಚೇರಿ, ಕಾರ್ಖಾನೆ ಸೇರಿ, ಪಕ್ಕದಲ್ಲಿ ಕೆಲಸ ಮಾಡುವ ಗರ್ಭಿಣಿಗೂ ಮನೆಯ ಹೆಂಡತಿಗೂ ಸೋಂಕು ತಂದರು. 2019ರಿಂದ ಅಲ್ಲಿಯ ಸರ್ಕಾರ 1962ರಿಂದ 1979ರ ನಡುವೆ ಹುಟ್ಟಿದ ಗಂಡಸರಿಗೆ ಕೂಪನ್ ಕಳಿಸಿ, ಕೆಲಸದ ಜಾಗದ ಆರೋಗ್ಯ ತಪಾಸಣೆಯಲ್ಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಏರ್ಪಾಡು ಮಾಡಿತು. ನಮ್ಮಲ್ಲಿ 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲ ಅಭಿಯಾನ ನಡೆದಾಗ ಗಂಡು ಹೆಣ್ಣು ಭೇದವಿಲ್ಲದೆ 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹಾಕಿದೆವು. ಮಕ್ಕಳಾಗದಂತೆ ಮಾಡುವ ಸೂಜಿ ಎಂಬ ವಾಟ್ಸ್‌ಆ್ಯಪ್ ಗಾಳಿಮಾತು ಆಗಲೂ ಬಂತು. ಆ ಮಕ್ಕಳಲ್ಲಿ ದೊಡ್ಡವರು ಈಗ ಹಾಸನ, ಮೈಸೂರಿನ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಕೆಲವರ ಮದುವೆಯೂ ಆಗಿ ನನ್ನ ಮುಂದೆಯೇ ಕೂಸು ಎತ್ತಿಕೊಂಡು ಹೋಗುತ್ತಾರೆ. ಗಾಳಿಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಮುಟ್ಟಿನ ದಿನಗಳ ಕಷ್ಟ ಆಗಲೇ ಹೇಳಿದೆ, ಈಗ ಆ ದಿನಗಳ ರಜೆಯ ವಿಷಯಕ್ಕೆ ಬರುತ್ತೇನೆ. ಟೋಕಿಯೊದ ಬಸ್ ಕಂಡಕ್ಟರ್ ಹೆಂಗಸರು 1920ರ ದಶಕದ ಕೊನೆಯಲ್ಲೇ ಅದನ್ನು ಕೇಳಿದ್ದರು. 1947ರ ಕಾರ್ಮಿಕ ಕಾನೂನಿನಲ್ಲಿ ಅದು ಸೇರಿತು. ಇವತ್ತು ಅಲ್ಲಿ ಆ ರಜೆ ತೆಗೆದುಕೊಳ್ಳುವವರು ನೂರಕ್ಕೆ ಒಬ್ಬರೂ ಇಲ್ಲ. ಮೇಲಿನವನ ಮುಂದೆ ಹೋಗಿ ಕೇಳಬೇಕಲ್ಲ ಎಂಬ ನಾಚಿಕೆ, ಜೊತೆಗೆ ಆ ದಿನದ ಸಂಬಳ ಕೊಡಲೇಬೇಕೆಂಬ ಕಟ್ಟಳೆಯೂ ಇಲ್ಲ. ನಮ್ಮ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ತಿಂಗಳಿಗೆ ಒಂದು ದಿನ ಸಂಬಳಸಹಿತ ರಜೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಬಂದ ಆದೇಶದಲ್ಲಿ ತೋಟ ಕಾರ್ಮಿಕರ ಕಾಯ್ದೆಗೆ ಒಳಪಟ್ಟ ತೋಟಗಳ ಹೆಸರೂ ಇತ್ತು. ಸಂತೋಷವೇ. ಆದರೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1951ರ ಆ ಕಾಯ್ದೆ ಮುಟ್ಟುತ್ತಿದ್ದುದು ಐದು ಹೆಕ್ಟೇರಿಗೆ ಕಡಿಮೆ ಇಲ್ಲದ, ಹದಿನೈದು ಜನರಾದರೂ ದುಡಿಯುವ ತೋಟವನ್ನು. ಹೆಂಗಸರಿಗೆ ಬೇರೆ ಶೌಚಾಲಯ, ಕುಡಿಯುವ ನೀರು ಇರಬೇಕೆಂದು ಹೇಳಿದ್ದೂ ಅದೇ ಕಾಯ್ದೆ. ನಮ್ಮ ಕಡೆಯ ಬಹುಪಾಲು ತೋಟಗಳು ಹತ್ತು ಎಕರೆಯ ಒಳಗಿನವು. ಪಿಕಪ್ಪಿನಲ್ಲಿ ಬಂದು ಈ ವಾರ ಒಬ್ಬರ ತೋಟ, ಬರುವ ವಾರ ಇನ್ನೊಬ್ಬರ ತೋಟ ಎಂದು ದುಡಿಯುವವಳು ಯಾರ ಹತ್ತಿರ ರಜೆ ಕೇಳಬೇಕು? ಕಾನೂನಿನ ಕೊಡೆ ದೊಡ್ಡದೇ, ಅವಳು ನಿಂತಿರುವುದು ಅದರ ಹೊರಗೆ.

ಮತ್ತೆ ಲಸಿಕೆಯ ಮಾತಿಗೆ ಬರೋಣ. ಎಚ್‌ಪಿವಿ ಎಂದರೇನೆಂದು ಈಗ ಚುಟುಕಾಗಿ ಹೇಳುತ್ತೇನೆ. ಅದೊಂದು ವೈರಸ್ಸು. ಗಂಡಸರಲ್ಲೂ ಇರುತ್ತದೆ, ಹೆಂಗಸರಲ್ಲೂ ಇರುತ್ತದೆ, ದೈಹಿಕ ಸಂಪರ್ಕದಿಂದ ಹರಡುತ್ತದೆ. ಇದು ಯಾರ ನಡತೆಯ ಮಾತೂ ಅಲ್ಲ. ಜೀವನದಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಸಲ ತಗುಲಿ, ಬಹಳ ಜನರಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಹದಿನೈದು ಇಪ್ಪತ್ತು ವರ್ಷದಲ್ಲಿ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರಾಗುತ್ತದೆ. ಇದನ್ನು ಕಂಡುಹಿಡಿದ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ 1,27,000 ಹೆಂಗಸರಿಗೆ ಈ ಕ್ಯಾನ್ಸರ್, 80,000 ಸಾವು. ಕತ್ತಿಯ ಗಾಯ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಟಿಟಿಗೆ ಓಡಿ ಬರುತ್ತೇವೆ. ಇದು ಕಾಣದ ಗಾಯ.

ಲಸಿಕೆ 9ರಿಂದ 14 ವರ್ಷದೊಳಗೆ ಹಾಕಿಸಿದರೆ ಉತ್ತಮ. ಈ ವಯಸ್ಸಿಗೆ ಒಂದೇ ಡೋಸ್ ಆದರೂ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಂ ಸಂಸ್ಥೆಯ ದೇಶೀ ಲಸಿಕೆಯೂ ಬಂದಿದೆ. ಸಿಕ್ಕಿಂನಂಥ ಪುಟ್ಟ ಗುಡ್ಡಗಾಡು ರಾಜ್ಯ 2018ರಲ್ಲೇ ತನ್ನ ಶಾಲಾ ಹುಡುಗಿಯರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹಾಕಿಸಿತು. ಅಲ್ಲಿ ಮೊದಲು ಮೇಷ್ಟ್ರುಗಳನ್ನೂ ತಾಯಂದಿರನ್ನೂ ಕೂರಿಸಿ ಮಾತಾಡಿದರು, ಸೂಜಿ ಆಮೇಲೆ.

ಈ ಲಸಿಕೆ ಮಗಳಿಗೆ. ತಾಯಿಗೆ? ಮೂವತ್ತು ದಾಟಿದ ತಾಯಿಗೆ ಬೇಕಾದ್ದು ತಪಾಸಣೆ. ವಿನೆಗರಿನಂಥ ಹುಳಿ ದ್ರಾವಣವನ್ನು ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾದು ನೋಡುವುದು. ಬೆಳ್ಳಗಾದ ಜಾಗವಿದ್ದರೆ ಮುಂದಿನ ಪರೀಕ್ಷೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿ, ಇಷ್ಟರಿಂದಲೇ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ತಗ್ಗುತ್ತದೆಂದು 2013ರಲ್ಲಿ ತೋರಿಸಿದರು. ನೋಡಿದವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ನಮ್ಮಂಥ ಆರೋಗ್ಯ ಕಾರ್ಯಕರ್ತೆಯರು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಕ್ಷಮಿಸಿ. ಹೀಗಿದ್ದೂ 2019–21ರ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಮೂವತ್ತರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಬಿಳಿಸೆರಗು ಜಾಸ್ತಿಯಾಯಿತು, ಕೂಡಿದ ಮೇಲೆ ರಕ್ತ ಕಾಣಿಸಿತು, ಮುಟ್ಟು ನಿಂತ ಮೇಲೆ ಮತ್ತೆ ಕಂಡಿತು ಎಂದರೆ ‘ಗರ್ಭಚೀಲ ತೆಗೆಸಿಬಿಡಿ, ಹೇಗೂ ಕೆಲಸ ಮುಗಿಯಿತಲ್ಲ’ ಎನ್ನುವವರ ಮಾತು ಕೇಳಬೇಡಿ. ಮೊದಲು ತಪಾಸಣೆ ಮಾಡಿಸಿ. ಬೇಲೂರಿನ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜಿಗೋ ಹೋಗಿ ತೋರಿಸಿ.

ತೋಟದ ಸಾಹುಕಾರರು, ರೈಟರುಗಳು ಯಾರಾದರೂ ಕೇಳುತ್ತಿದ್ದರೆ ನಿಮಗೊಂದು ಮಾತು. ಕಣದ ಪಕ್ಕ ಒಂದು ಶೌಚಾಲಯ, ಅದಕ್ಕೆ ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ, ಒಂದು ಡ್ರಮ್ ನೀರು. ನಿಮ್ಮ ತೋಟ ಐದು ಎಕರೆಯದಾದರೂ ಸರಿ, ಕಾನೂನು ಕೇಳುವವರೆಗೆ ಕಾಯಬೇಡಿ. ತಪಾಸಣೆಗೋ ಲಸಿಕೆಗೋ ಹೋದ ದಿನದ, ಅದರ ಮಾರನೆಯ ದಿನದ ಕೂಲಿಯನ್ನು ಕೊಡುತ್ತೇನೆಂದು ಸಾಲಿನ ಮುಂದೆ ನಿಂತು ಬಾಯಿಬಿಟ್ಟು ಹೇಳಿ. ಶಿಬಿರವನ್ನು ಹಣ್ಣು ಶುರುವಾಗುವ ಮೊದಲು, ಅಕ್ಟೋಬರಿನಲ್ಲೇ ಇಟ್ಟುಕೊಳ್ಳೋಣ. ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನು ಮಾಡಿ, ಅವಳು ಬರುತ್ತಾಳೆ. ನಾನೂ ಬರುತ್ತೇನೆ.